ಹದಿನೇಳು ವರ್ಷದ ಶಾಶ್ವತ

ಭೀಮೆಯ ಈ ದಂಡೆಗೆ ಇಂಡಿ, ಸಿಂದಗಿ. ಆ ದಂಡೆಗೆ ಅಫಜಲಪುರ. 1950ರ ದಶಕದ ಆರಂಭದಲ್ಲಿ ಈಚೆ ಮುಂಬೈ ಸರಕಾರ, ಆಚೆ ಹೈದರಾಬಾದ್. ಈಚೆ ದಾರೂಬಂದಿ, ಆಚೆ ಅಬಕಾರಿ ಗುತ್ತಿಗೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ದಾಟಿದರೆ ಸಾಕು, ಅಪರಾಧ ವ್ಯಾಪಾರವಾಗಿಬಿಡುತ್ತಿತ್ತು.

ಮುಂಬೈ ಪಾನನಿಷೇಧ ಕಾಯ್ದೆ 1949ರದ್ದು. 1956ರಲ್ಲಿ ಈ ದಂಡೆಯ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ ದಾರೂಬಂದಿ ಬಿಟ್ಟು ಹೋಗಲಿಲ್ಲ. 1950ರಲ್ಲಿ ಮುದ್ದೇಬಿಹಾಳದಲ್ಲೊಂದು ಕೂಸು ಹುಟ್ಟಿತೆಂದುಕೊಳ್ಳಿ. ಅದರ ಪಾಲಿಗೆ ಸಾರಾಯಿ ಅಂಗಡಿ ಎಂಬುದು ಹಿರಿಯರ ಕಟ್ಟೆಮಾತಷ್ಟೇ. ಕುಡಿತ ಮಾತ್ರ ಕಟ್ಟೆಮಾತಲ್ಲ. ಹಳ್ಳದ ದಂಡೆಯಲ್ಲಿ ಬೆಲ್ಲ, ಜಾಲಿ ತೊಗಟೆ, ನವಸಾಗರ ಕೊಳೆಹಾಕಿದ ಕೊಡ. ಮುಂಜಾನೆ ಪೊಲೀಸರು ಬಂದು ಒಡೆಯುವುದು, ಪಂಚರನ್ನು ಕರೆಸಿ ಪಂಚನಾಮೆ ಬರೆಯುವುದು. ಸಿಕ್ಕಿಬೀಳುವವರು ಬಡವರೇ. ಉಳ್ಳವರಿಗೆ ಆರೋಗ್ಯದ ಹೆಸರಿನ ಪರ್ಮಿಟ್ ಇತ್ತಲ್ಲ! ಆ ಹುಡುಗನಿಗೆ ಇದೆಲ್ಲ ಮಳೆ ಬಿಸಿಲಿನಷ್ಟೇ ಸಹಜ, ಎಂದೆಂದಿಗೂ ಇದ್ದದ್ದು, ಇರುವಂಥದ್ದು.

ಅವನಿಗೆ ಹದಿನೇಳು ತುಂಬುವಾಗ, 1967ರಲ್ಲಿ, ಹೊಸ ಅಬಕಾರಿ ಕಾಯ್ದೆ ಜಾರಿಗೆ ಬಂತು, ದಾರೂಬಂದಿ ಹೋಯಿತು. ಗಾಂಧಿಯ ಹೆಸರಿನಲ್ಲಿ ಮುಚ್ಚಿದವರೂ ಕಾಂಗ್ರೆಸ್ಸಿನವರೇ, ತೆರೆದವರೂ ಅವರೇ. ಶಾಶ್ವತ ಅಂದುಕೊಂಡದ್ದರ ವಯಸ್ಸು ತನ್ನ ವಯಸ್ಸಷ್ಟೇ ಎಂದು ಅವನಿಗೆ ಹೊಳೆದಿತ್ತೋ ಇಲ್ಲವೋ. ನಮಗೂ ಹೊಳೆಯುವುದು ಕಡಿಮೆ. ಅಮೆರಿಕದ ಪಾನನಿಷೇಧ ಸಂವಿಧಾನವನ್ನೇ ತಿದ್ದಿ ಬಂದದ್ದು, ಹದಿಮೂರು ವರ್ಷಕ್ಕೆ, 1933ರಲ್ಲಿ ಮುಗಿಯಿತು. ನಾವು ಕಳಚಿಟ್ಟ 1949ರ ಕಾಯ್ದೆ ಮಾತ್ರ ಗುಜರಾತಿನಲ್ಲಿ ಹೆಸರು ಬದಲಿಸಿಕೊಂಡು ಇನ್ನೂ ಬದುಕಿದೆ. ಯಾವುದು ಅಲ್ಪಾಯು, ಯಾವುದು ದೀರ್ಘಾಯು ಎಂದು ಜಾತಕ ಹೇಳುವ ಧೈರ್ಯ ನನಗಿಲ್ಲ.

ಇದೇ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಟ್ಟಿದ ಕಲ್ಯಾಣದ ಕೂಟದಲ್ಲಿ ಹೆಂಡದ ಮಾರಯ್ಯ ಎಂಬ ಶರಣನಿದ್ದ. ಹೆಂಡ ಮಾರುವುದು ಅವನ ಕಾಯಕ. ವಚನ ಬರೆದ, ಶರಣರ ಸಾಲಿನಲ್ಲೇ ಕುಳಿತ. ಎಂಟು ಶತಮಾನದ ಮೇಲೆ ಬಾಗೇವಾಡಿಯ ನೆಲದಲ್ಲಿ ಆ ಕಾಯಕ ಜೈಲಿನ ದಾರಿಯಾಯಿತು, ಮತ್ತೆ ಹದಿನೇಳು ವರ್ಷಕ್ಕೆ ಸರಕಾರಿ ಮುದ್ರೆಯ ಉದ್ಯೋಗವಾಯಿತು. ಕೊಡದೊಳಗಿನ ಹುಳಿ ಮಾತ್ರ ಅಂದಿನದೇ.

ಆಮೇಲೆ ಬಂದ ಸಾರಾಯಿಯ ಕಾಲವೂ ನಿಲ್ಲಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್. ಪಾಕೀಟಿನ ಜಾಗಕ್ಕೆ ಬಾಟಲಿ ಬಂತು, ಕೂಲಿಯವನ ಜೇಬಿನಿಂದ ಇನ್ನಷ್ಟು ಹೋಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ಬೇಡವೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಎಲ್ಲವೂ ಅನಿತ್ಯ ಎಂದು ಅವರೆದುರು ತಣ್ಣಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಗಂಡ ತೂರಾಡುತ್ತ ಬರುವ ಸಂಜೆ ಅವರಿಗೆ ಯಾವ ಕಾಯ್ದೆಯ ಕಾಲದಲ್ಲೂ ತಪ್ಪಿದ್ದಲ್ಲ. ಅಂಗಡಿ ಮುಚ್ಚಿದ ಆ ಹದಿನೇಳು ವರ್ಷ ಒಂದಿಷ್ಟು ಮನೆಗಳಲ್ಲಾದರೂ ಜೋಳದ ಹಿಟ್ಟು ಉಳಿದಿದ್ದರೆ ಅದು ಲೆಕ್ಕಕ್ಕೆ ಬೇಕು, ಕಾಯ್ದೆ ಸತ್ತಿತೆಂದು ಅಳಿಸುವಂತಿಲ್ಲ.

ಇವತ್ತಿನ ಅಂಗಡಿಯೂ ಬೇರುಬಿಟ್ಟಂತೆ ಕಾಣುತ್ತದೆ. ಅದರ ಸನ್ನದಿನ ಅವಧಿ ಒಂದೇ ವರ್ಷ. ಜೂನ್ 30ಕ್ಕೆ ಮುಗಿಯುತ್ತದೆ, ಶುಲ್ಕ ಕಟ್ಟಿ ನವೀಕರಿಸಬೇಕು.