ಸಿಂಹಗಳ ಜಾತ್ರೆ

ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯಕ್ಕೆ 2021ರಲ್ಲಿ ಸಿಂಹಗಳು ಬಂದ ಮೇಲೆ ನಮ್ಮ ಕಡೆಯ ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಅದೂ ಸೇರಿಕೊಂಡಿತು. ಅದಕ್ಕೆ ಮೊದಲು ನಮ್ಮ ಪ್ರವಾಸವೆಂದರೆ ಗೋಕಾಕ ಫಾಲ್ಸಿನ ತೂಗುಸೇತುವೆ, ಹಿಡಕಲ್ ಡ್ಯಾಮು, ಹುಕ್ಕೇರಿಯ ಗುಮ್ಮಟಗಳು, ನಡುವೆ ಎಲ್ಲಾದರೂ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿ ಊಟ, ಹೊತ್ತು ಮುಳುಗುವುದರೊಳಗೆ ಮನೆ. ಸಿಂಹ ನೋಡಲು ಹೋದ ದಿನ ಮಕ್ಕಳಿಗೆ ನಿರಾಶೆಯೇ ಆಯಿತು. ಅವು ಮಲಗಿದ್ದವು. ಗರ್ಜಿಸಲಿಲ್ಲ, ಎದ್ದು ನಿಲ್ಲಲಿಲ್ಲ, ಒಂದು ಮಾತ್ರ ಬಾಲದಿಂದ ನೊಣ ಹೊಡೆದುಕೊಂಡಿತು. ಸಿಂಹವು ದಿನದಲ್ಲಿ ಇಪ್ಪತ್ತು ತಾಸಿನವರೆಗೂ ಮಲಗಿಯೇ ಇರಬಲ್ಲದು ಎಂದು ನಾನು ಪಾಠ ಹೇಳಲು ಹೋದರೆ, ಒಬ್ಬ ಹುಡುಗ "ಹಂಗಾರ ನಮ್ಮ ಮಾಂವಾನೂ ಸಿಂಹಾನ ಬಿಡ್ರಿ ಅಕ್ಕೋರ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮರುದಿನ ಎಂಟನೆಯ ತರಗತಿಗೆ 'ಸಿಂಹಗಳ ಊರಿನಲ್ಲಿ ಒಂದು ದಿನ' ಎಂದು ಪ್ರಬಂಧ ಬರೆಯಲು ಕೊಟ್ಟೆ. ಹೆಚ್ಚಿನವರು ಎಂದಿನಂತೆ 'ಸಿಂಹವು ಕಾಡಿನ ರಾಜ' ಎಂದು ಶುರುಮಾಡಿ, ಗೈಡಿನಲ್ಲಿದ್ದಷ್ಟನ್ನು ಬರೆದು ಮುಗಿಸಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಸಿಂಹಗಳಿಗೆ ಒಂದು ಜಾತ್ರೆಯನ್ನೇ ಮಾಡಿಸಿದ್ದಳು. ಮುದಿ ಸಿಂಹ ಪಲ್ಲಕ್ಕಿಯಲ್ಲಿ ಕುಳಿತಿದೆ. ಕರಡಿ ಮಜಲು ಬಾರಿಸಲು ಪಕ್ಕದ ಅಡವಿಯಿಂದ ಖರೆ ಕರಡಿಗಳನ್ನೇ ಕರೆಸಿದ್ದಾರೆ. ಅವುಗಳಿಗೆ ಸುಪಾರಿ ಎಂದು ಜೇನುತುಪ್ಪ ಕೊಟ್ಟಿದ್ದಾರೆ. ಹೆಣ್ಣು ಸಿಂಹಗಳು ಆರತಿ ಹಿಡಿದಿವೆ, ಮರಿಗಳು ಭಂಡಾರ ಎರಚಿಕೊಂಡು ಹಳದಿ ಮೈ ಇನ್ನಷ್ಟು ಹಳದಿ ಮಾಡಿಕೊಂಡಿವೆ. ರಾತ್ರಿ ಪಾರಿಜಾತದ ಆಟ. ಸತ್ಯಭಾಮೆಯ ಪಾತ್ರಕ್ಕೆಂದು ಒಂದು ಗಂಡು ಸಿಂಹ ಕೇಸರ ಬೋಳಿಸಿಕೊಂಡು, ಆಟ ಮುಗಿದ ಮೇಲೆ ಮನೆಗೆ ಹೋಗಲು ನಾಚಿಕೊಂಡಿದೆ! ಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರು ನಮ್ಮಿಂದ ದೂರವೇನಲ್ಲ. ಹೆಣ್ಣುಮಕ್ಕಳು ರಂಗಕ್ಕೆ ಬರುವುದು ಅಪರೂಪವಾಗಿದ್ದ ದಿನಗಳಲ್ಲಿ ಪಾರಿಜಾತ ಕಟ್ಟಿ ಆಡಿದ ಕೌಜಲಗಿ ನಿಂಗಮ್ಮನ ಊರೂ ಇದೇ ಸೀಮೆಯದು. ಆದ್ದರಿಂದ ಮಗುವಿನ ಕಲ್ಪನೆಯಲ್ಲಿ ಸಿಂಹಗಳೂ ಪಾರಿಜಾತ ಆಡಿದ್ದು ನನಗೆ ವಿಶೇಷವೆನಿಸಲಿಲ್ಲ, ಸಂತೋಷವೆನಿಸಿತು.

ಕೊನೆಯ ನಾಲ್ಕು ಸಾಲು ಹೀಗಿದ್ದವು. ಮಳೆ ಆಗಲಿಲ್ಲವೆಂದು ಒಂದು ಹೆಣ್ಣು ಮರಿಯನ್ನು ದೇವಿಗೆ ಬಿಟ್ಟರು. ಕೊರಳಿಗೆ ಮುತ್ತು ಕಟ್ಟಿದರು. ಮರಿ ಅಳಲಿಲ್ಲ. ಎಲ್ಲರೂ ಹಾಡು ಹೇಳುತ್ತಿದ್ದರು.

ನಾನು ಕೆಂಪು ಶಾಯಿಯಿಂದ ಆ ನಾಲ್ಕು ಸಾಲುಗಳ ಕೆಳಗೆ ಗೆರೆ ಎಳೆದು, 'ತಪ್ಪು. ಸಿಂಹಗಳು ಹೀಗೆ ಮಾಡುವುದಿಲ್ಲ' ಎಂದು ಬರೆದು, ಹತ್ತಕ್ಕೆ ಏಳು ಅಂಕ ಕೊಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಸಿಂಹ ಪಲ್ಲಕ್ಕಿ ಏರಿದ್ದನ್ನು ನಾನು ತಪ್ಪು ಎನ್ನಲಿಲ್ಲ. ಕರಡಿ ಬಾರಿಸಿದ್ದು, ಸಿಂಹ ಸತ್ಯಭಾಮೆಯಾದದ್ದು, ಯಾವುದಕ್ಕೂ ಕೆಂಪು ಶಾಯಿ ಬೀಳಲಿಲ್ಲ. ಪೂರಾ ಸುಳ್ಳಿನ ಎರಡು ಪುಟದಲ್ಲಿ, ನಮ್ಮ ಸೀಮೆಯಲ್ಲಿ ನಿಜವಾಗಿ ನಡೆದದ್ದು ಆ ನಾಲ್ಕು ಸಾಲು ಮಾತ್ರ. ಅದನ್ನೇ ಹುಡುಕಿ ತಪ್ಪು ಎಂದು ಬರೆದಿದ್ದೆ.

ಮರುದಿನ ಹುಡುಗಿಯನ್ನು ಕರೆದು ಕೇಳಿದೆ. ಆಕೆ ಅಂಜಲಿಲ್ಲ. "ನಮ್ಮ ಆಯಿನ ಹಂಗ ಬಿಟ್ಟಿದ್ರಂತ್ರಿ ಅಕ್ಕೋರ. ಅದಕ ಬರದ್ನಿ" ಎಂದಳು.

ಸಿಂಹಗಳು ನಿಜಕ್ಕೂ ಏನು ಮಾಡುತ್ತವೆ ಎಂಬುದನ್ನು ಆಮೇಲೆ ನಾನು ಸ್ವಲ್ಪ ಗಂಭೀರವಾಗಿ ಓದಿಕೊಂಡೆ. ತಪ್ಪು ಎಂದು ಬರೆದ ಮೇಲೆ ಸರಿ ಯಾವುದೆಂದು ಗೊತ್ತಿರಬೇಕಲ್ಲ. ನಮ್ಮ ದೇಶದಲ್ಲಿ ಅಡವಿಯ ಸಿಂಹಗಳು ಉಳಿದಿರುವುದು ಗುಜರಾತದ ಗಿರ್ ಸೀಮೆಯಲ್ಲಿ ಮಾತ್ರ. 2025ರ ಗಣತಿಯಲ್ಲಿ 891 ಇದ್ದವು. ರಾಜನೆಂದು ನಾವು ಹಾಡಿ ಹೊಗಳುವ ಗಂಡು ಅಲ್ಲಿ ಬಂದು ಹೋಗುವ ನೆಂಟ. ಮನೆತನವೆಂಬುದೇನಾದರೂ ಇದ್ದರೆ ಅದು ಹೆಣ್ಣುಗಳದು. ತಾಯಿ, ಮಗಳು, ಚಿಕ್ಕವ್ವ, ದೊಡ್ಡವ್ವ ಒಟ್ಟಾಗಿ ಬಾಳುತ್ತವೆ; ಒಬ್ಬಳ ಮರಿ ಇನ್ನೊಬ್ಬಳ ಮೊಲೆ ಉಣ್ಣುವುದೂ ಉಂಟು. ಗಂಡು ಮರಿಗಳು ಎರಡು ಮೂರು ವರ್ಷ ತುಂಬಿದ ಮೇಲೆ ಹೊರಗೆ ಹೋಗುತ್ತವೆ, ಹೆಣ್ಣು ಮರಿಗಳು ಹೆಚ್ಚಾಗಿ ಹುಟ್ಟಿದಲ್ಲಿಯೇ ಉಳಿಯುತ್ತವೆ. ದಿನವೆಲ್ಲ ಬೇರೆಯಾಗಿದ್ದು ಸಂಜೆ ಕೂಡಿದರೆ ತಲೆಗೆ ತಲೆ ತಿಕ್ಕಿ ಮಾತನಾಡಿಸಿಕೊಳ್ಳುತ್ತವೆ. ಕತ್ತಲಾದ ಮೇಲೆ ಒಂದು ಗರ್ಜಿಸಿದರೆ ಉಳಿದವೂ ದನಿಗೂಡಿಸುತ್ತವೆ, ಎಂಟು ಕಿಲೋಮೀಟರಿನವರೆಗೂ ಕೇಳುತ್ತದಂತೆ. ಆಫ್ರಿಕೆಯ ಸೆರೆಂಗೆಟಿಯಲ್ಲಿ ವಿಜ್ಞಾನಿಗಳು ಅಪರಿಚಿತ ಗರ್ಜನೆಗಳನ್ನು ಮುದ್ರಿಸಿಕೊಂಡು ಹೆಣ್ಣು ಸಿಂಹಗಳಿಗೆ ಕೇಳಿಸಿದ ಪರೀಕ್ಷೆಯ ವರದಿ 1994ರಲ್ಲಿ ಬಂತು. ಒಂದೇ ದನಿಯಾದರೆ ಎದುರಿಸಲು ಹೋಗುತ್ತಿದ್ದವು. ಮೂರು ದನಿಯಾದರೆ ತಾವೆಷ್ಟಿದ್ದೇವೆ ಎಂದು ನೋಡಿಕೊಂಡು ಹಿಂದೆ ಮುಂದೆ ಮಾಡುತ್ತಿದ್ದವು. ಅಂದರೆ ಆ ಮೇಳಕ್ಕೆ ಲೆಕ್ಕವೂ ಗೊತ್ತು. ಇದನ್ನು ಹಾಡು ಎನ್ನಬೇಕೋ ಬೇಡವೋ ನೀವೇ ಹೇಳಿ. ನನಗಂತೂ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂಡಿ ಸೋಬಾನೆ ಎತ್ತಿದ್ದು ನೆನಪಾಯಿತು.

ಇದನ್ನೆಲ್ಲ ಓದಿ ಹಿಗ್ಗುತ್ತಿರುವಾಗಲೇ ಇನ್ನೊಂದು ಸಂಗತಿ ಎದುರಾಯಿತು. ಹೊಸ ಗಂಡು ಬಂದು ಹಳೆಯ ಗಂಡನ್ನು ಓಡಿಸಿದರೆ, ಹಳೆಯದರ ಎಳೆಯ ಮರಿಗಳನ್ನು ಅದು ಕೊಲ್ಲುತ್ತದೆ. ಮರಿ ಹೋದ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತಾಳೆ, ಅದಕ್ಕೆ. ತಾಯಂದಿರು ಕೂಡಿ ತಡೆಯಲು ನೋಡುತ್ತಾರೆ. ಒಮ್ಮೊಮ್ಮೆ ಗೆಲ್ಲುತ್ತಾರೆ, ಬಹಳ ಸಲ ಸೋಲುತ್ತಾರೆ. ಪುಸ್ತಕ ಮುಚ್ಚಿಟ್ಟೆ.

ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಮರಿಯನ್ನು ಕೊಂದ ಸಿಂಹ ಅದಕ್ಕಾಗಿ ಪಲ್ಲಕ್ಕಿ ಕಟ್ಟುವುದಿಲ್ಲ, ಮಜಲು ಬಾರಿಸುವುದಿಲ್ಲ, ಒಳ್ಳೆಯ ದಿನ ನೋಡುವುದಿಲ್ಲ, ಮರಿಯ ತಾಯಿಗೆ ಉಡಿ ತುಂಬಿ 'ನಿನ್ನ ಪುಣ್ಯ' ಎನ್ನುವುದಿಲ್ಲ. ಸಿಂಹಗಳು ಹೀಗೆ ಮಾಡುವುದಿಲ್ಲ ಎಂದು ನಾನು ಬರೆದದ್ದು ಆ ಮಟ್ಟಿಗೆ ಸರಿಯಾಗಿಯೇ ಇತ್ತು!

ನಮ್ಮ ಸೀಮೆಯ ಓದುಗರಿಗೆ ಸವದತ್ತಿಯ ಗುಡ್ಡದ ಬಗ್ಗೆ ನಾನು ಹೇಳಬೇಕಾದ್ದೇನಿಲ್ಲ. ಭಾರತ ಹುಣ್ಣಿವೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ದಿನಗಳು ನನ್ನ ವಯಸ್ಸಿನವರಿಗೆಲ್ಲ ನೆನಪಿವೆ. ನನಗೆ ಚೌಡಿಕೆಯ ದನಿ ಎಂದರೆ ಪ್ರಾಣ. ಒಂದೇ ತಂತಿ, ಒಂದು ಬದಿಗೆ ತೊಗಲು ಬಿಗಿದ ಕೊಳಗ. ಅದರಿಂದ ಅಷ್ಟು ಆಳದ ನಾದ ಹೇಗೆ ಬರುತ್ತದೋ! ಹುಕ್ಕೇರಿಯ ನಮ್ಮ ತವರುಮನೆಯ ಮುಂದೆ ಜೋಗತಿಯರು ಜಗ ಹೊತ್ತು ಬಂದು ಹಾಡಿದರೆ ನಮ್ಮವ್ವ ಮರದ ತುಂಬ ಜೋಳ ತಂದು ಹಾಕಿ, ಕೈ ಮುಗಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಹಾಡುವ ಹೆಂಗಸು ಎಂಟು ವರ್ಷದವಳಿದ್ದಾಗ ಮುತ್ತು ಕಟ್ಟಿಸಿಕೊಂಡವಳು, ಆಕೆಗೆ ಗಂಡನಿಲ್ಲ, ಆಕೆಯ ಮಕ್ಕಳ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ, ಇದೆಲ್ಲ ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಮುಗಿಯುತ್ತಿದ್ದಳು. ಕೈ ಮುಗಿದ ಮೇಲೆ ಕೇಳುವುದಕ್ಕೇನೂ ಉಳಿಯುತ್ತಿರಲಿಲ್ಲ.

ಗಂಡು ಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ದೇವಿಗೆ ಬಿಟ್ಟರೆ ಆಕೆ ಮದುವೆಯಾಗಿ ಹೋಗುವುದಿಲ್ಲ, ತವರಿನಲ್ಲಿಯೇ ಇದ್ದು ಮುಪ್ಪಿನವರನ್ನು ಸಾಕುತ್ತಾಳೆ ಎಂಬುದೂ ಈ ಪದ್ಧತಿಯ ಒಂದು ಕಾರಣವಾಗಿತ್ತು. ತವರಿನಲ್ಲಿ ಉಳಿಯುವ ಭಾಗ್ಯ ಹೆಣ್ಣು ಸಿಂಹಕ್ಕೆ ಹುಟ್ಟಿನಿಂದ ಬಂದಿದ್ದರೆ, ನಮ್ಮಲ್ಲಿ ಅದನ್ನು ಪಡೆದ ಮಗಳು ಅದಕ್ಕೆ ಕೊಟ್ಟ ಬೆಲೆ ಇದು. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಇದರ ವಿರುದ್ಧ ಕಾನೂನು ಬಂದಿತ್ತು. 1982ರಲ್ಲಿ ಕರ್ನಾಟಕ ಸರಕಾರ ತನ್ನದೇ ಕಾಯಿದೆ ಮಾಡಿತು. ನನ್ನ ವಿದ್ಯಾರ್ಥಿನಿಯ ಆಯಿಗೆ ಮುತ್ತು ಕಟ್ಟಿದ್ದು ಈ ಎರಡು ಕಾನೂನುಗಳ ನಡುವೆ. ಕಾನೂನಿನ ದನಿ ಚೌಡಿಕೆಯಷ್ಟು ದೂರ ಕೇಳಿಸಿರಲಿಲ್ಲವೆಂದು ಕಾಣುತ್ತದೆ.

ಕೊನೆಗೆ ಅದನ್ನು ಮನೆ ಮನೆಗೆ ಮುಟ್ಟಿಸಿದವರು ಅದೇ ಬದುಕನ್ನು ಬಾಳಿದ ಹೆಂಗಸರು. ಘಟಪ್ರಭೆಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಮಾಸ್ ಎಂಬ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಅವರೇ. ಅದರ ಮುಂದಾಳು ಸೀತವ್ವ ಜೋಡಟ್ಟಿಯವರು ತಾವೂ ಚಿಕ್ಕಂದಿನಲ್ಲಿ ದೇವಿಗೆ ಬಿಡಲ್ಪಟ್ಟವರು. 2018ರಲ್ಲಿ ಪದ್ಮಶ್ರೀ ಪಡೆದರು. ಅತ್ತ ಜೋಗತಿ ನೃತ್ಯವನ್ನೇ ಬಾಳಾಗಿಸಿಕೊಂಡ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಅದೇ ಪ್ರಶಸ್ತಿ ಬಂತು. ಒಬ್ಬರು ಪದ್ಧತಿಯನ್ನು ನಿಲ್ಲಿಸಲು ಹೊರಟವರು, ಇನ್ನೊಬ್ಬರು ಅದೇ ದೇವಿಯ ಹಾಡು ಕುಣಿತವನ್ನು ಉಳಿಸಲು ಹೊರಟವರು. ಇಬ್ಬರನ್ನೂ ನಾನು ಮನಸಾರೆ ಗೌರವಿಸುತ್ತೇನೆ. ಇಬ್ಬರ ಮಾತೂ ಸರಿ ಎನ್ನಿಸುತ್ತದೆ. ನನ್ನ ತೊಡಕು ಶುರುವಾಗುವುದೇ ಅಲ್ಲಿ. ನೋವಿನಲ್ಲಿ ಹುಟ್ಟಿದ ಹಾಡಾದರೆ ಚಿಂತೆಯಿಲ್ಲ, ಬೀಸುಕಲ್ಲಿನ ಪದಗಳೆಲ್ಲ ಅಲ್ಲಿಯವೇ. ಆದರೆ ನೋವು ಕೊಡುವಾಗ, ನೋವು ಕಾಣದಿರಲೆಂದು ಹಾಡಿದ ಹಾಡು? ಅದನ್ನು ಚೆಂದವಿದೆ ಎಂದು ಕೇಳಬಹುದೇ?

ಇದು ಜೋಗತಿಯರ ಮಾತಷ್ಟೇ ಎಂದು ನಾವು ಮದುವೆಯಾದ ಹೆಂಗಸರು ಸಮಾಧಾನ ಪಟ್ಟುಕೊಳ್ಳುವಂತೆಯೂ ಇಲ್ಲ. ಬಿ.ಎ. ಮುಗಿಸಿ ಬಿ.ಎಡ್. ಮಾಡಿದ ಮೇಲೆ ಧಾರವಾಡಕ್ಕೆ ಹೋಗಿ ಎಂ.ಎ. ಓದಬೇಕೆಂದು ನನಗಿತ್ತು. ಅಷ್ಟರಲ್ಲಿ ಗೋಕಾವಿಯ ಸಂಬಂಧ ಬಂತು. ಅರಿಷಿಣ ಹಚ್ಚುವ ದಿನ ನಮ್ಮ ದೊಡ್ಡವ್ವ ಹಾಡಿದ ಹಾಡಿಗೆ ಓಣಿಯ ಹೆಂಗಸರೆಲ್ಲ ಅತ್ತರು, ನಾನೂ ಅತ್ತೆ. ಎಲ್ಲರೂ ಒಟ್ಟಿಗೆ ಅತ್ತಿದ್ದರಿಂದ ನಾನು ಯಾವುದಕ್ಕೆ ಅಳುತ್ತಿದ್ದೇನೆ ಎಂದು ಯಾರಿಗೂ ಕೇಳಬೇಕೆನ್ನಿಸಲಿಲ್ಲ. ನಡುವೆ ಎದ್ದು 'ನನಗೆ ಓದುವುದಿದೆ' ಎನ್ನುವುದು ಹಾಡು ಕೆಡಿಸಿದಂತೆ ಆಗುತ್ತಿತ್ತು. ನನ್ನ ಬಾಳೇನೂ ಕೆಟ್ಟದಾಗಲಿಲ್ಲ, ಮನೆಯವರು ಒಳ್ಳೆಯವರೇ. ಆದರೂ ಈಗ ನಾನೇ ಓಣಿಯ ಮದುವೆಗಳಲ್ಲಿ ಮುಂದೆ ಕುಳಿತು ಆ ಹಾಡು ಎತ್ತಿಕೊಡುವವಳು. ಮದುಮಗಳ ಮುಖವನ್ನು ನೋಡದೆ ಹಾಡುತ್ತೇನೆ, ನೋಡಿದರೆ ದನಿ ಸರಿಯಾಗಿ ಏಳುವುದಿಲ್ಲ.

ಹುಡುಗಿಯ ಆಯಿಯನ್ನು ಕಾಣಲು ಅವರ ಮನೆಗೆ ಹೋದೆ. ಮೂಡಲಗಿಯಿಂದ ಸ್ವಲ್ಪ ಒಳಗೆ, ಕಬ್ಬಿನ ಹೊಲದ ಮಗ್ಗುಲಿಗೆ ಮನೆ. ಅರವತ್ತರ ಸುಮಾರಿನ, ಗಟ್ಟಿ ಆಳು. ಚಹಾ ಮಾಡಿಕೊಟ್ಟರು. ಮಾತಿನ ನಡುವೆ ತಾವಾಗಿಯೇ ಹೇಳಿದರು: "ಮುತ್ತು ಕಟ್ಟಿದ ದಿನ ಎಷ್ಟ ಚಂದ ಹಾಡಿದ್ರು ಗೊತ್ತೇನ್ರಿ ಅಕ್ಕೋರ. ನಾ ಅಳೂದು ಬಿಟ್ಟು ಕೇಳ್ಕೋತ ಕುಂತಿದ್ನಿ." ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ತಮ್ಮ ಮಗಳಿಗೆ ಮುತ್ತು ಕಟ್ಟಲು ಬಂದವರನ್ನು ಇದೇ ಕಟ್ಟೆಯಿಂದ ಬೈದು ಓಡಿಸಿದೆ ಎಂದರು. ಚೌಡಿಕೆ ಮಾತ್ರ ಮಾಡದ ಗೂಟಕ್ಕೆ ತೂಗಿತ್ತು, ಧೂಳು ಹಿಡಿದಿರಲಿಲ್ಲ.

ಶಾಲೆಯ ಗ್ಯಾದರಿಂಗ್ ಹತ್ತಿರ ಬಂದಿತ್ತು. ಅವರನ್ನು ಕರೆಸಿ ಮಕ್ಕಳಿಗೆ ಚೌಡಿಕೆ ಪದ ಕೇಳಿಸೋಣವೆಂದು ನನಗೆ ಆಸೆ. ಸಹೋದ್ಯೋಗಿಗಳಲ್ಲಿ ಒಬ್ಬರು "ಹುಡುಗರ ಮುಂದ ಅದೆಲ್ಲಾ ಯಾಕ್ರಿ" ಎಂದರೆ, ಇನ್ನೊಬ್ಬರು "ದೇವಿ ಹಾಡು, ಬ್ಯಾಡ ಅನಬಾರ್ದು" ಎಂದರು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಬೇರೆ ಉತ್ತರವೂ ನನ್ನ ಹತ್ತಿರ ಇರಲಿಲ್ಲ. ಆಯಿಯನ್ನೇ ಕೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಡ ಅಂದ್ರ ಹಾಡ್ತೀನ್ರಿ. ಖರೆ, ಒಂದ ಮಾತು. ಯಾರೂ ಕೈ ಮುಗೀಬಾರ್ದು. ಜ್ವಾಳ, ರೊಕ್ಕಾ ಏನೂ ಹಾಕಬಾರ್ದು. ಸುಮ್ನ ಕೇಳ್ಬೇಕು" ಎಂದರು. ಇದನ್ನು ಬರೆಯಲೇ ಎಂದು ಕೇಳಿದಾಗ, "ಬರೀರಿ, ಹೆಸರ ಹಾಕಬ್ಯಾಡ್ರಿ" ಎಂದರು.

ಹುಡುಗಿಯ ಪ್ರಬಂಧದ ವಹಿಯನ್ನು ತರಿಸಿ, ನಾನು ಬರೆದ ಷರಾ ಹೊಡೆದುಹಾಕಿ, ಅಂಕ ತಿದ್ದಿಕೊಟ್ಟೆ. ಆಕೆ ಅಂಕ ನೋಡಿ ಖುಷಿಪಟ್ಟಳು, ಷರಾದ ಕಡೆಗೆ ಅವಳ ಲಕ್ಷ್ಯವೇ ಹೋಗಲಿಲ್ಲ.

ಗ್ಯಾದರಿಂಗಿನ ದಿನ ಸಂಜೆ ಆಯಿ ಸಾದಾ ಇಳಕಲ್ಲ ಸೀರೆ ಉಟ್ಟು ಬಂದರು. ಹಣೆಗೆ ಭಂಡಾರ ಇರಲಿಲ್ಲ. ಕೈ ಮುಗಿಯಬಾರದೆಂದು ನಾನು ಮೈಕಿನಲ್ಲಿ ಮೊದಲೇ ಹೇಳಿದ್ದೆ. ಕೆಲವರಿಗೆ ಅದು ಸೇರಲಿಲ್ಲವೆಂದು ಮುಖದಲ್ಲಿ ಕಾಣುತ್ತಿತ್ತು. ಚೌಡಿಕೆಯ ತಂತಿ ಒಮ್ಮೆ ಮೀಟಿದ್ದೇ ಮಕ್ಕಳ ಗದ್ದಲ ನಿಂತುಹೋಯಿತು. ಅವರು ಎರಡು ಪದ ಹಾಡಿದರು. ಎರಡನೆಯ ಪದದ ನಡುವೆ ಮುಂದಿನ ಸಾಲಿನ ತಾಯಂದಿರಲ್ಲಿ ಒಬ್ಬಿಬ್ಬರ ಕೈ ರೂಢಿಯಿಂದ ಎದೆಯವರೆಗೆ ಬಂದು, ನೆನಪಾಗಿ ಕೆಳಗಿಳಿದವು. ಅದನ್ನು ನೋಡುತ್ತಿದ್ದಂತೆ ನನ್ನ ಕೈಗಳೂ ಕೂಡಿಕೊಂಡಿದ್ದವು. ಆಯಿ ಇತ್ತ ನೋಡುವುದರೊಳಗೆ ಅವನ್ನು ಸೆರಗಿನೊಳಗೆ ಎಳೆದುಕೊಂಡೆ.