ಅಂಕದ ಸಾಕ್ಷ್ಯ

ಪರೀಕ್ಷೆಯ ಫಲಿತಾಂಶವು ಪ್ರಕಟವಾದ ದಿನ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ನಡೆಯುವ ವಿಚಾರಣೆಯು ಯಾವ ನ್ಯಾಯಸ್ಥಾನದಲ್ಲಿಯೂ ನಡೆಯಲಾರದಷ್ಟು ಸಂಕ್ಷೇಪವಾದುದು. ಅಲ್ಲಿ ಸಾಕ್ಷಿ ಒಂದೇ, ವಕೀಲರಿಲ್ಲ, ಮೇಲಣ ಅಪೀಲೂ ಇಲ್ಲ. ಒಂದು ಸಂಖ್ಯೆಯನ್ನು ಓದಿದೊಡನೆಯೇ, “ಈ ಮಗುವಿಗೆ ಆ ಶಾಸ್ತ್ರ ಹತ್ತುವುದಿಲ್ಲ” ಎಂಬ ತೀರ್ಪು ಹೊರಟುಬಿಡುತ್ತದೆ. ಈ ತೀರ್ಪು ಯುಕ್ತವಾದುದೆ ಎಂಬ ಪ್ರಶ್ನೆಯನ್ನು ಎಲ್ಲ ವಿದ್ಯೆಗಳಿಗೂ ಅನ್ವಯಿಸಿ ಚರ್ಚಿಸಹೊರಟರೆ ಮಾತು ಹಬ್ಬಿ ಹಿಡಿತಕ್ಕೆ ಬಾರದೆಹೋದೀತು. ಆದುದರಿಂದ ಒಂದೇ ಒಂದು ಶಾಸ್ತ್ರವನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಅದು ಭೂಗರ್ಭಶಾಸ್ತ್ರ.

ಕೋಲಾರದ ಸೀಮೆಯವರಿಗೆ ಇದು ಹೊರಗಿನ ವಿದ್ಯೆಯಲ್ಲ. ಉತ್ತರದಕ್ಷಿಣವಾಗಿ ಸುಮಾರು 80 ಕಿಲೋಮೀಟರು ಉದ್ದಕ್ಕೆ, ಮೂರು ನಾಲ್ಕು ಕಿಲೋಮೀಟರಿನಷ್ಟೇ ಅಗಲವಾಗಿ ಹಾಸಿರುವ ಕರಿಯ ಶಿಲೆಯ ಪಟ್ಟಿಯೊಂದು ಈ ನೆಲದಲ್ಲಿದೆ; ಅದರ ವಯಸ್ಸು ಸುಮಾರು 270 ಕೋಟಿ ವರ್ಷಗಳೆಂದು ಪಂಡಿತರು ಲೆಕ್ಕಹಾಕಿದ್ದಾರೆ. ಚಿನ್ನದ ಗಣಿಗಳು ಹುಟ್ಟಿದುದು ಆ ಪಟ್ಟಿಯಲ್ಲಿಯೇ. ಮುಳಬಾಗಿಲಿನ ಬೋಳುಬಂಡೆಗಳು, ಮಾಲೂರಿನಲ್ಲಿ ಹೆಂಚೂ ಇಟ್ಟಿಗೆಯೂ ಆಗುವ ಜೇಡಿಮಣ್ಣು, ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಸಾವಿರ ಅಡಿಯನ್ನು ದಾಟಿ ಇಳಿದರೂ ಒಣಗಿ ನಿಂತಿರುವ ಕೊಳವೆಬಾವಿಗಳು, ಇವೆಲ್ಲವೂ ಆ ಶಾಸ್ತ್ರದ ವಿಷಯಗಳೇ. ವರ್ಷವಿಡೀ ಹರಿಯುವ ನದಿ ಒಂದಾದರೂ ಇಲ್ಲದ ಜಿಲ್ಲೆ ಇದು. ನೆಲದ ಕೆಳಗೆ ನೀರು ಎಲ್ಲಿದೆ, ಇರುವ ನೀರಿನಲ್ಲಿ ಫ್ಲೋರೈಡು ಎಲ್ಲಿಂದ ಬೆರೆಯಿತು ಎಂಬುದನ್ನು ಬಲ್ಲವರು ಇಲ್ಲಿಗೆ ಬೇಕಾದಷ್ಟು ಮತ್ತಾವ ಊರಿಗೆ ಬೇಕು?

ಹೀಗಿರಲು ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಬಿ.ಎಸ್‌ಸಿ.ಯಲ್ಲಿ ಭೂಗರ್ಭಶಾಸ್ತ್ರವನ್ನು ಪ್ರೀತಿಯಿಂದ ಓದಿದವಳು. ಊರೂರು ಅಲೆದು ಬಾವಿಗಳ ಆಳವನ್ನೂ ಬಂಡೆಗಳ ಬಿರುಕುಗಳನ್ನೂ ಪುಸ್ತಕವೊಂದರಲ್ಲಿ ಗುರುತು ಹಾಕಿಟ್ಟವಳು. ಐ.ಐ.ಟಿ.ಗಳ ಎಂ.ಎಸ್‌ಸಿ. ತರಗತಿಗೆ ಸೇರಬೇಕೆಂದು ‘ಜಾಮ್’ ಪರೀಕ್ಷೆಗೆ ಕುಳಿತಳು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೊದಲನೆಯ ಭಾಗದಲ್ಲಿ ತಪ್ಪು ಉತ್ತರ ಕೊಟ್ಟರೆ ಬಂದ ಅಂಕದಲ್ಲಿಯೂ ಕಡಿತ. ಅವಳ ಸ್ಥಾನ ಪಟ್ಟಿಯಲ್ಲಿ ಬಹಳ ಕೆಳಗೆ ಬಂದಿತು. ವಿದೇಶಕ್ಕೆ ಅರ್ಜಿ ಹಾಕೋಣವೆಂದು ಜಿ.ಆರ್.ಇ. ಎಂಬುದನ್ನು ಬರೆದಳು, ಅದರ ಗಣಿತಭಾಗದಲ್ಲಿಯೂ ಅಂಕ ಸಾಧಾರಣವಾಯಿತು. ಈ ಹುಡುಗಿ ಶಿಲೆಯ ವಿದ್ಯೆಗೆ ಅನರ್ಹಳೆಂದು ತೀರ್ಮಾನಿಸಬಹುದೆ?

ನಮ್ಮ ತಾರ್ಕಿಕರು ಅನುಮಾನಪ್ರಮಾಣಕ್ಕೆ ಕೊಡುವ ಉದಾಹರಣೆ ಎಲ್ಲರಿಗೂ ತಿಳಿದುದೇ ಆಗಿದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು. ಆದರೆ ಹೊಗೆ ಕಾಣದಿದ್ದರೆ ಬೆಂಕಿಯಿಲ್ಲವೆಂದು ಹೇಳಲು ಅವರು ಒಪ್ಪುವುದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡನ್ನು ಮುಂದೆ ಹಿಡಿಯುತ್ತಾರೆ. ಅದರಲ್ಲಿ ಹೊಗೆಯಿಲ್ಲ, ಮುಟ್ಟಿದವನ ಕೈ ಮಾತ್ರ ಸುಡುತ್ತದೆ. ಹೆಚ್ಚಿನ ಅಂಕದಿಂದ ಸಾಮರ್ಥ್ಯವನ್ನು ಊಹಿಸುವುದು ಒಂದು ಬಗೆಯ ತರ್ಕ. ಕಡಮೆಯ ಅಂಕದಿಂದ ಅಸಾಮರ್ಥ್ಯವನ್ನು ಊಹಿಸುವುದು ಬೇರೆಯೇ ಬಗೆಯದು. ಮೊದಲನೆಯದು ಸರಿಯಾದ ಮಾತ್ರಕ್ಕೆ ಎರಡನೆಯದು ಸರಿಯಾಗಬೇಕಾಗಿಲ್ಲ. ಮನೆಯಲ್ಲಿ ನಾವು ದಿನವೂ ಎರಡನ್ನೂ ಒಂದೇ ಎಂದು ಎಣಿಸುತ್ತೇವೆ. ಮೊದಲನೆಯದಾದರೂ ಎಷ್ಟು ಗಟ್ಟಿ ಎಂದು ಕೇಳುವವರುಂಟು. ಬೆಂಗಳೂರಿನಲ್ಲಿ ಹಣ ತೆತ್ತು ವರ್ಷವಿಡೀ ಪ್ರಶ್ನೆಪತ್ರಿಕೆಗಳನ್ನೇ ಅಭ್ಯಾಸಮಾಡಿಸುವ ಪಾಠಶಾಲೆಗಳಿರುವ ಈ ಕಾಲದಲ್ಲಿ ಬೆಂಕಿಯಿಲ್ಲದೆಯೂ ಹೊಗೆಯನ್ನು ಎಬ್ಬಿಸುವ ಉಪಾಯಗಳು ಇಲ್ಲವೆಂದು ಯಾರು ಹೇಳಿಯಾರು?

ಇದಲ್ಲದೆ ಭೂಗರ್ಭಶಾಸ್ತ್ರಕ್ಕೆ ತನ್ನದೇ ಆದ ಒಂದು ಸ್ವಭಾವವಿದೆ. ಬಂಡೆಯ ಎದುರು ನಿಂತು, ಪದರವು ಯಾವ ದಿಕ್ಕಿಗೆ ಹಾಸಿದೆ, ಎಷ್ಟು ಇಳಿಜಾರಾಗಿ ನೆಲದೊಳಗೆ ಇಳಿದಿದೆ, ಪಕ್ಕದ ಬಂಡೆಗೂ ಇದಕ್ಕೂ ನಂಟೇನು ಎಂದು ನೋಡಬೇಕು. ಒಂದು ಬಂಡೆಯನ್ನು ನೋಡಿ ನಿರ್ಣಯ ಹೇಳದೆ ಎರಡನೆಯದನ್ನೂ ಮೂರನೆಯದನ್ನೂ ನೋಡುವತನಕ ಮನಸ್ಸನ್ನು ತಡೆಹಿಡಿಯುವುದೇ ಅಲ್ಲಿ ಮುಖ್ಯವಾದ ಶಿಕ್ಷಣ. ಪ್ರಶ್ನೆಗೆ ಮೂರು ನಿಮಿಷದಂತೆ ಓಡುವ ಪರೀಕ್ಷೆಯು ಇದಕ್ಕೆ ವಿರುದ್ಧವಾದ ಗುಣವನ್ನು ಬೇಡುತ್ತದೆ. ಇನ್ನು ಜಿ.ಆರ್.ಇ.ಯಲ್ಲಿಯಂತೂ ಭೂಗರ್ಭಶಾಸ್ತ್ರದ ಪ್ರಶ್ನೆಯೇ ಇಲ್ಲ. ಇಂಗ್ಲಿಷು, ಗಣಿತ, ಪ್ರಬಂಧ, ಇಷ್ಟೇ. 2014ರಲ್ಲಿ ಮಿಲ್ಲರ್ ಮತ್ತು ಸ್ಟಾಸನ್ ಎಂಬಿಬ್ಬರು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಈ ಪರೀಕ್ಷೆಯನ್ನು ಕಟುವಾಗಿ ವಿಮರ್ಶಿಸಿದರು. ಅದರ ಅಂಕವನ್ನೇ ಗಡಿಯಾಗಿಟ್ಟುಕೊಂಡರೆ ಸ್ತ್ರೀಯರೂ ಅಲ್ಪಸಂಖ್ಯಾತ ವರ್ಗದವರೂ ವಿಜ್ಞಾನದಿಂದ ಹೊರಗುಳಿಯುತ್ತಾರೆಂಬುದು ಅವರ ಆಕ್ಷೇಪ. 2020ರ ಆಚೀಚೆಯ ವರ್ಷಗಳಲ್ಲಿ ಅಮೆರಿಕದ ಅನೇಕ ಭೂಗರ್ಭಶಾಸ್ತ್ರ ವಿಭಾಗಗಳು ಅದನ್ನು ಕೇಳುವುದನ್ನೇ ಬಿಟ್ಟವು.

ನಮ್ಮ ಚಿನ್ನದ ಗಣಿಯ ಚರಿತ್ರೆಯೂ ಇಲ್ಲಿ ಒಂದು ಮಾತನ್ನು ಹೇಳುತ್ತದೆ. 1873ರಲ್ಲಿ ಇಲ್ಲಿ ಗಣಿ ತೋಡಲು ಮೈಸೂರು ಸರ್ಕಾರದ ಅಪ್ಪಣೆ ಪಡೆದ ಲವೆಲ್ ಎಂಬಾತ ವಿದ್ವಾಂಸನಲ್ಲ, ನಿವೃತ್ತನಾದ ಸಿಪಾಯಿ. ಅವನ ಅನಂತರ ಬಂದ ಕಂಪೆನಿಗಳು ಹಣವನ್ನು ಸುರಿದು, ಅಲ್ಲಿ ಇಲ್ಲಿ ಅಗೆದು, 1880ರ ದಶಕದ ನಡುವೆ ಕೈಚೆಲ್ಲುವ ಸ್ಥಿತಿಗೆ ಬಂದಿದ್ದವು. ಆಗ ದಿಕ್ಕು ತೋರಿಸಿದುವು ಪ್ರಾಚೀನರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳು. ಆ ಗುಂಡಿಗಳ ಕೆಳಕ್ಕೆ ಇಳಿದು ನೋಡಿದಾಗ ಚಾಂಪಿಯನ್ ಎಂದು ಆಮೇಲೆ ಹೆಸರಾದ ಅದಿರಿನ ಪಟ್ಟೆ ಸಿಕ್ಕಿತು. ಮುಂದಿನ ನೂರು ವರ್ಷಗಳಿಗೂ ಮೇಲ್ಪಟ್ಟು ಗಣಿಗಳು ನಡೆದುದು ಅದರಿಂದ. ಆ ಗುಂಡಿಗಳನ್ನು ತೋಡಿದವರ ಹೆಸರುಗಳು ಕೂಡ ಉಳಿದಿಲ್ಲ. ಯಾವ ಪರೀಕ್ಷೆಯನ್ನು ಅವರು ಕೊಟ್ಟಿದ್ದರು? ಕಲ್ಲನ್ನು ನೋಡಲು ಬಲ್ಲವರಾಗಿದ್ದರು, ಅಷ್ಟೆ.

ಇಷ್ಟು ದೂರ ಬಂದಮೇಲೆ ಪರೀಕ್ಷೆಯನ್ನೇ ತೆಗೆದುಹಾಕೋಣವೆಂದು ಹೇಳುವುದು ಸುಲಭ. ಲೇಖಕನು ಅದನ್ನು ಹೇಳಲಾರನು.

ಮೊದಲನೆಯದಾಗಿ, ನಮ್ಮ ಸಭೆಗಳಲ್ಲಿ ಪ್ರಚಾರದಲ್ಲಿರುವ ಒಂದು ಸಮಾಧಾನವು ಅಷ್ಟಾಗಿ ಪ್ರಾಮಾಣಿಕವಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. ಇದು ಸತ್ಯ. ಆದರೆ ಅದೇ ವರ್ಷ ಅವರೊಡನೆ ನಪಾಸಾದ ಉಳಿದವರ ಕಥೆಯನ್ನು ಯಾರು ಬರೆದಿಟ್ಟಿದ್ದಾರೆ? ಸೋತು ಗೆದ್ದವನೊಬ್ಬನನ್ನು ತೋರಿಸಿ ಸೋತವರೆಲ್ಲರನ್ನೂ ಸಂತೈಸುವುದು ಕರುಣೆಯ ಮಾತಾದೀತೇ ಹೊರತು ತರ್ಕವಾಗದು. ಅದೇ ಜಿಲ್ಲೆಯ ಮಾಲೂರು ಸೀಮೆಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದು, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಅದೇ ಕೈಯಿಂದ ಸಣ್ಣಕತೆಗಳನ್ನೂ ಬರೆದರು. ಅಂಕವೂ ಸತ್ವವೂ ಒಂದೇ ಮನೆಯಲ್ಲಿ ವಾಸಮಾಡಲಾರವೆಂದು ಅವರನ್ನು ಓದಿದವನು ಹೇಳಲಾರನು. ಬಡ ಕುಟುಂಬದಿಂದ ಬಂದ ಅವರಿಗೆ ಅಧಿಕಾರದ ಬಾಗಿಲನ್ನು ತೆರೆದುದು ಪರೀಕ್ಷೆಯೇ.

ಈ ಸಂದರ್ಭದಲ್ಲಿ ಕೈಲಾಸಂ ನೆನಪಿಗೆ ಬರುತ್ತಾರೆ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನೇ ಓದಿ ಬಂದು ಮೈಸೂರಿನ ಭೂಗರ್ಭ ಇಲಾಖೆಯಲ್ಲಿ ಕೆಲವು ವರ್ಷ ಕೆಲಸಮಾಡಿದವರು ಅವರು ಎಂಬುದನ್ನು ನಾಟಕ ನೋಡಿ ನಗುವವರಲ್ಲಿ ಹಲವರು ಮರೆತಿರುತ್ತಾರೆ. ಅವರ 1918ರ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಪರೀಕ್ಷೆಯಲ್ಲಿ ಮೆರೆಯುವ ಮಗನೊಬ್ಬ, ಸೋಲುವ ಮಗನೊಬ್ಬ. ಮನೆಗೆ ಕಷ್ಟ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ಉತ್ತಮವಾದ ನಾಟಕ. ಆದರೂ ಅದು ತಕ್ಕಡಿಯ ಒಂದು ತಟ್ಟೆಗೆ ತುಸು ಕೈ ಒತ್ತಿದೆಯೆಂದು ನಮಗೆ ತೋರುತ್ತದೆ. ಓದುವ ಹುಡುಗನು ಟೊಳ್ಳೇ ಆಗಿರಬೇಕೆಂಬ ವಿಧಿಯೇನೂ ಇಲ್ಲವಷ್ಟೆ.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಪರೀಕ್ಷೆಯನ್ನು ತೆಗೆದರೆ ಆ ಸ್ಥಳಕ್ಕೆ ಏನು ಬರುತ್ತದೆ? ಶಿಫಾರಸಿನ ಪತ್ರ ಬರುತ್ತದೆ, ಮುಖಾಮುಖಿ ಸಂದರ್ಶನ ಬರುತ್ತದೆ. ಇವುಗಳ ಹಿಂದೆಯೇ ಪರಿಚಯ, ಬಂಧುತ್ವ, ಜಾತಿ, ಇಂಗ್ಲಿಷಿನ ಉಚ್ಚಾರಣೆ ಇವೆಲ್ಲವೂ ಬಾಗಿಲಲ್ಲಿ ನುಗ್ಗುತ್ತವೆ. ಯಂತ್ರವು ತಿದ್ದುವ ಉತ್ತರಪತ್ರಿಕೆಗೆ ಕಣ್ಣಿಲ್ಲ, ಹೃದಯವಿಲ್ಲ. ಆದರೆ ಕಣ್ಣಿಲ್ಲದಿರುವುದರಿಂದಲೇ ಅದು ಅಭ್ಯರ್ಥಿಯ ತಂದೆ ಯಾರೆಂದು ನೋಡುವುದಿಲ್ಲ. ಯಾರ ಗುರುತೂ ಇಲ್ಲದ ಶ್ರೀನಿವಾಸಪುರದ ಹುಡುಗಿಗೆ ಈ ಕುರುಡುತನವು ಒಂದು ರಕ್ಷೆ. ಅವಳನ್ನು ಹೊರಗೆ ನಿಲ್ಲಿಸಿದ ವಸ್ತುವೇ ಅವಳಂಥ ಇನ್ನೊಬ್ಬಳನ್ನು ಒಳಕ್ಕೆ ಬಿಡುತ್ತಲೂ ಇದೆ. ಈ ಪ್ರಶ್ನೆಯ ತೊಡಕೆಲ್ಲ ಇಲ್ಲಿಯೇ ಇದೆ.

ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಗಣಿತದಲ್ಲಿ ಬಂದ ಕಡಮೆಯ ಅಂಕವು ಏನನ್ನೂ ಹೇಳುವುದಿಲ್ಲವೆಂಬುದೂ ಸರಿಯಲ್ಲ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಣ ಶಿಲೆಯ ಭಾರದಿಂದ ಬಂಡೆಗಳು ಇದ್ದಕ್ಕಿದ್ದಂತೆ ಸಿಡಿಯುತ್ತಿದ್ದುವು. ಆ ಸಿಡಿತಗಳಲ್ಲಿ ಕೂಲಿಯವರು ಸತ್ತರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವತನಕ ಆ ಭಯವು ಅಲ್ಲಿನ ಮನೆಗಳನ್ನು ಬಿಡಲಿಲ್ಲ. ಯಾವ ಸುರಂಗವನ್ನು ಎಷ್ಟು ಅಗಲ ತೆಗೆಯಬಹುದು, ಯಾವ ಕಂಬವನ್ನು ಬಿಡಬೇಕು ಎಂಬ ಲೆಕ್ಕ ತಪ್ಪಿದರೆ ಅಂಕ ಕಳೆಯುವುದು ಲೆಕ್ಕ ಮಾಡಿದವನಿಗಲ್ಲ. ಪ್ರಾಣ ಕಳೆಯುವುದು ಕೆಳಗಿರುವವನಿಗೆ. ಆದುದರಿಂದ ನಮ್ಮ ಹುಡುಗಿಯು ತನ್ನನ್ನು ತಾನೇ ಕೇಳಿಕೊಳ್ಳಬೇಕು: ಅಂಕ ಕಡಮೆಯಾದುದು ವೇಗ ಸಾಲದೆಯೋ, ಗಣಿತವೇ ಬಾರದೆಯೋ? ವೇಗ ಸಾಲದಿದ್ದರೆ ಅದು ಆ ಮೂರು ಗಂಟೆಯ ವಿಷಯ. ಗಣಿತ ಬಾರದಿದ್ದರೆ ಸಾಕ್ಷಿ ನಿಜವನ್ನೇ ನುಡಿದಿದೆ. ಆಗ ಸಾಕ್ಷಿಯನ್ನು ಬೈಯದೆ ಗಣಿತವನ್ನು ಕಲಿಯತಕ್ಕದ್ದು. ಈ ಭೇದವನ್ನು ಅಂಕಪಟ್ಟಿಯು ತೋರಿಸಲಾರದು, ಪರೀಕ್ಷಕರೂ ಅರಿಯಲಾರರು, ಅವಳೊಬ್ಬಳೇ ಅರಿಯಬಲ್ಲಳು.

ಅರ್ಜಿಯಲ್ಲಿ ಈ ಅಂಕದ ಮಾತನ್ನು ಎತ್ತಬೇಕೆ ಬಿಡಬೇಕೆ ಎಂಬುದು ಹಲವರನ್ನು ಕಾಡುವ ಧರ್ಮಸೂಕ್ಷ್ಮ. ಕೇಳಿದ ಸ್ಥಳದಲ್ಲಿ ಮರೆಮಾಡುವುದು ಸುಳ್ಳು. ಅದರಲ್ಲಿ ಚರ್ಚೆಯೇ ಇಲ್ಲ. ಇಷ್ಟವಿದ್ದರೆ ತಿಳಿಸಿ ಎಂದು ಅವರೇ ಬಿಟ್ಟಿರುವ ಕಡೆ ತಿಳಿಸದಿರುವುದು ಸುಳ್ಳಲ್ಲ. ಸತ್ಯವ್ರತವೆಂದರೆ ತನ್ನ ಕೊರತೆಗಳ ಡಂಗುರ ಹೊಡೆಯುವುದೆಂದು ಯಾವ ಸ್ಮೃತಿಕಾರನೂ ವಿಧಿಸಿಲ್ಲ. ಅಂಕ ಅವರ ಕೈಗೆ ಹೋಗಿಯೇ ಹೋಗುವುದಾದರೆ, ಎರಡೇ ವಾಕ್ಯಗಳಲ್ಲಿ ಇದ್ದುದನ್ನು ಹೇಳಿ ಮುಂದಕ್ಕೆ ಹೋಗುವುದು ಮೇಲು. ಜ್ವರ ಬಂದಿತ್ತು, ಬಸ್ಸು ತಡವಾಯಿತು, ಅಜ್ಜಿ ತೀರಿಕೊಂಡರು ಎಂಬ ಪುಟಗಟ್ಟಲೆಯ ವಿಜ್ಞಾಪನೆಯು, ನಿಜವೇ ಆಗಿದ್ದರೂ, ಓದುವವನ ದಯೆಯನ್ನು ಬೇಡುತ್ತದೆಯೇ ಹೊರತು ಅವನ ಬುದ್ಧಿಗೆ ಏನನ್ನೂ ಒದಗಿಸುವುದಿಲ್ಲ. ಆ ಪುಟದಲ್ಲಿ ಇರಬೇಕಾದುದು ಕ್ಷೇತ್ರದಲ್ಲಿ ಬರೆದ ಪುಸ್ತಕದ ವಿಷಯ. ಎಷ್ಟು ಬಾವಿಗಳನ್ನು ನೋಡಿದೆ, ನೀರಿರುವ ಬಾವಿಗಳು ಬಂಡೆಯ ಯಾವ ಬಿರುಕಿನ ಸಾಲಿನಲ್ಲಿವೆ, ಎಲ್ಲಿ ಊಹೆ ತಪ್ಪಿತು, ಏಕೆ ತಪ್ಪಿತು: ಇದು ಎರಡನೆಯ ಸಾಕ್ಷಿ. ಒಂದು ಸಾಕ್ಷಿಯ ಬಾಯನ್ನು ಕಟ್ಟುವುದಕ್ಕಿಂತ ಇನ್ನೊಂದು ಸಾಕ್ಷಿಯನ್ನು ಕರೆತರುವುದು ನ್ಯಾಯವಾದ ಮಾರ್ಗ.

ಉಪಾಧ್ಯಾಯರ ಪಾಲಿನ ಹೊಣೆ ಇದಕ್ಕಿಂತ ಕಠಿನ. ನಮ್ಮಲ್ಲಿ ಶಿಫಾರಸಿನ ಪತ್ರವೆಂದರೆ ಆಶೀರ್ವಾದವೆಂದು ಭಾವನೆ. ಕೇಳಿಬಂದವರನ್ನೆಲ್ಲ ‘ಅತ್ಯಂತ ಮೇಧಾವಿ’ ಎಂದು ಹರಸಿ ಕಳುಹಿಸುವುದುಂಟು. ಎಲ್ಲರೂ ಅತ್ಯಂತ ಮೇಧಾವಿಗಳಾದಮೇಲೆ ಆ ಮಾತಿಗೆ ಬೆಲೆಯೆಲ್ಲಿ? ಓದುವವನು ಪತ್ರವನ್ನು ಬದಿಗಿಟ್ಟು ಮತ್ತೆ ಅಂಕಕ್ಕೇ ಮರಳುತ್ತಾನೆ. ಅಂಕದ ದಬ್ಬಾಳಿಕೆಯನ್ನು ದೂರುವ ಉಪಾಧ್ಯಾಯರು ಅದನ್ನು ಸಿಂಹಾಸನಕ್ಕೆ ಏರಿಸಿದುದರಲ್ಲಿ ಇಂಥ ಪತ್ರಗಳ ಪಾಲೆಷ್ಟು ಎಂಬುದನ್ನು ಯೋಚಿಸಬಾರದೆ? “ಲೆಕ್ಕದಲ್ಲಿ ನಿಧಾನ, ಆದರೆ ಬಂಡೆಯನ್ನು ಎರಡು ಸಲ ನೋಡದೆ ಮಾತಾಡುವವಳಲ್ಲ” ಎಂದು ಬರೆದ ಒಂದು ಸಾಲು ಹತ್ತು ಹೊಗಳಿಕೆಗಳನ್ನು ತೂಗುತ್ತದೆ.

ಇಲ್ಲಿ ಒಂದು ವಿನೋದವಿದೆ. ಕೊಳವೆಬಾವಿ ತೋಡಿಸುವ ಮುನ್ನ ನಮ್ಮ ತೋಟದ ಯಜಮಾನರು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನಡೆಯುವಾತನನ್ನು ಕರೆಸುತ್ತಾರೆ. ಕಾಯಿ ಎದ್ದುನಿಂತ ಕಡೆ ಲಕ್ಷಾಂತರ ರೂಪಾಯಿ ಖರ್ಚುಮಾಡಿ ಕೊರೆಸುತ್ತಾರೆ. ಅವನ ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಹಿಂದೆ ಹೇಳಿದ ಹತ್ತರಲ್ಲಿ ಎಷ್ಟು ಬಾವಿಗಳಿಗೆ ನೀರು ಬಂದಿತೆಂದು ಕೂಡ ಕೇಳುವುದಿಲ್ಲ. ಅದೇ ಯಜಮಾನರು ಸಂಜೆ ಮನೆಗೆ ಬಂದು ಮಗಳ ಅಂಕವನ್ನು ನೋಡಿ, ನೆಲದ ನೀರಿನ ವಿದ್ಯೆ ನಿನಗೆ ಹತ್ತುವುದಿಲ್ಲವೆಂದು ಹೇಳುತ್ತಾರೆ.

ಪ್ರವೇಶ ಕೊಡುವವರು ಏನು ಮಾಡಬಹುದೆಂಬುದನ್ನು ಹೇಳದೆ ಬಿಟ್ಟರೆ ಈ ಲೇಖನವು ಅರ್ಧವಾದೀತು. ಅಮೆರಿಕದ ಅರ್ಜಿಯಲ್ಲಿ ಎರಡನೆಯ ಸಾಕ್ಷಿಗೆ ಸ್ಥಳವುಂಟು. ಆದರೆ ಅಲ್ಲಿಗೆ ಹೋಗುವ ಹಣ ಎಲ್ಲರ ಕೈಯಲ್ಲಿಲ್ಲ. ನಮ್ಮ ಐ.ಐ.ಟಿ.ಗಳ ಎಂ.ಎಸ್‌ಸಿ. ಪ್ರವೇಶವು ಜಾಮ್ ಪಟ್ಟಿಯ ಸ್ಥಾನದ ಮೇಲೆಯೇ ನಿಂತಿದೆ. ಕ್ಷೇತ್ರಪುಸ್ತಕವನ್ನು ತೋರಿಸಲು ಅಲ್ಲಿ ಒಂದು ಕಿಂಡಿಯೂ ಇಲ್ಲ. ಪರೀಕ್ಷೆಯನ್ನು ಹೊಸಿಲಾಗಿ ಇಟ್ಟುಕೊಳ್ಳಲಿ. ಹೊಸಿಲು ದಾಟಿದವರಿಗೆ, ಹೆಸರಿನ ಬದಲು ಅಂಕಿಯೊಂದನ್ನು ಕೊಟ್ಟು, ಗುರುತು ಸಿಕ್ಕದಂತೆ ಕೂಡಿಸಿ, ಮೇಜಿನ ಮೇಲೆ ನಾಲ್ಕು ಕಲ್ಲಿನ ಚೂರುಗಳನ್ನೂ ಒಂದು ನಕ್ಷೆಯನ್ನೂ ಇಟ್ಟು, ಕಂಡುದನ್ನು ಬರೆಯಿರೆಂದು ಅರ್ಧ ದಿನ ಬಿಡಲಿ. ಪರಿಚಯ ನುಗ್ಗಲು ಅಲ್ಲಿ ಬಾಗಿಲಿಲ್ಲ, ಅವಸರಕ್ಕೂ ಬೆಲೆಯಿಲ್ಲ. ಇದಕ್ಕೆ ಹಣವೂ ಜನವೂ ಬೇಕೆಂಬ ಉತ್ತರ ಬಂದೀತು. ಬೇಕು ನಿಜ, ಆದರೆ ಆಯ್ಕೆಯ ಶ್ರಮವನ್ನೆಲ್ಲ ಅಭ್ಯರ್ಥಿಯ ಮೇಲೆಯೇ ಹೊರಿಸಿ, ಆಯ್ಕೆಮಾಡುವವರು ಒಂದು ಪಟ್ಟಿಯನ್ನು ಓದಿ ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಅದು ಆಗುವತನಕ ಶ್ರೀನಿವಾಸಪುರದ ಹುಡುಗಿಗೆ ಉಳಿದಿರುವುದು ಮುಂದಿನ ಫೆಬ್ರವರಿಯ ಪರೀಕ್ಷೆ, ಬಿ.ಎಸ್‌ಸಿ.ಯ ಅಂಕವನ್ನು ನೋಡಿ ಸೇರಿಸಿಕೊಳ್ಳುವ ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳು, ಮತ್ತು ಇನ್ನೂ ಅರ್ಧಕ್ಕಿಂತ ಹೆಚ್ಚು ಹಾಳೆಗಳು ಖಾಲಿಯಿರುವ ಆ ಬಾವಿಗಳ ಪುಸ್ತಕ.