ಗೋಡೆ ನನ್ನದು, ಗೌಂಡಿ ಯಾರವನು?

ಪರಊರಿನಲ್ಲಿ ನೆಲೆ ನಿಂತ ಕನ್ನಡಿಗನಿಗೆ ಊರ ಕಡೆಯಿಂದ ಬರುವ ಬುದ್ಧಿಮಾತುಗಳಲ್ಲಿ ಒಂದು ಮಾತ್ರ ಎಂದೂ ಬದಲಾಗುವುದಿಲ್ಲ. ‘ಏನೇ ಕೆಲಸ ಇರಲಿ, ಮೊದಲು ನಮ್ಮವರು ಯಾರಾದರೂ ಸಿಗ್ತಾರೇನು ನೋಡು.’ ಡಾಕ್ಟರು, ವಕೀಲರು, ಪುರೋಹಿತರು, ಕೊನೆಗೆ ನಲ್ಲಿ ರಿಪೇರಿಯವನು ಕೂಡ ನಮ್ಮವನೇ ಆದರೆ ಒಳ್ಳೆಯದು. ಪುಣೆಯಲ್ಲಿ ಮೂವತ್ತೈದು ವರ್ಷಕ್ಕೂ ಮೇಲೆ ಇದ್ದು ನಾನೂ ಈ ಮಾತನ್ನು ಹೊಸದಾಗಿ ಬಂದವರಿಗೆ ಎಷ್ಟೋ ಸಲ ಹೇಳಿದ್ದೇನೆ. ಈಗಲೂ ಹೇಳುತ್ತೇನೆ. ಆದರೆ ಈ ಮಾತಿಗೆ ಒಂದು ಬೆಲೆ ಇದೆ, ಅದನ್ನು ಹೇಳಿದವನೂ ಕೊಡುವುದಿಲ್ಲ, ಕೇಳಿದವನೂ ಕೊಡುವುದಿಲ್ಲ, ಮೂರನೆಯವನೊಬ್ಬ ಕೊಡುತ್ತಾನೆ ಎಂಬ ಅನುಮಾನ ನನಗೆ ಬಂದದ್ದು ನಮ್ಮ ಅಡಿಗೆ ಮನೆಯ ಟೈಲ್ಸ್ ಬದಲಾಯಿಸಿದಾಗ.

‘ನಮ್ಮವರು’ ಎಂಬುದನ್ನು ಬರೀ ಭಾಷಾಭಿಮಾನ ಎಂದು ತಳ್ಳಿಹಾಕುವವರಿದ್ದಾರೆ. ಅದು ಅಷ್ಟು ಹಗುರಾದದ್ದಲ್ಲ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಜಾಮೀನು. ನಾನು ನೌಕರಿಗೆ ಸೇರಿದ ಕಾಲಕ್ಕೆ ಒಂದು ಉಳಿತಾಯ ಖಾತೆ ತೆರೆಯಬೇಕಾದರೂ ಹಳೆಯ ಖಾತೆದಾರರೊಬ್ಬರ ಪರಿಚಯದ ಸಹಿ ಬೇಕಿತ್ತು. ರಿಸರ್ವ್ ಬ್ಯಾಂಕ್ 2002ರಲ್ಲಿ ಕೆವೈಸಿ ಸೂಚನೆಗಳನ್ನು ಹೊರಡಿಸಿದ ಮೇಲೆ ಗುರುತಿನ ಕಾಗದಪತ್ರಗಳಿಗೆ ಮಹತ್ವ ಬಂತು, ಬರಬರುತ್ತ ಆ ಸಹಿಯ ಪದ್ಧತಿ ಹೋಯಿತು. ಅದಕ್ಕೂ ಮೊದಲಿನ ದಿನಗಳಲ್ಲಿ ಕೌಂಟರಿನ ಈಚೆ ಕೂತವನಿಗೆ ಒಂದು ನೋಟ ಮಾಮೂಲಾಗಿತ್ತು. ಮಜೂರ್ ಅಡ್ಡಾದಿಂದ ಬಂದ ಉತ್ತರದ ಹುಡುಗ ಫಾರಂ ಹಿಡಿದು ನಿಲ್ಲುತ್ತಿದ್ದ. ‘ಇಲ್ಲಿ ಸಹಿ ಯಾರು ಮಾಡಬೇಕು ಸಾಹೇಬ್?’ ಎಂದು ಕೇಳುತ್ತಿದ್ದ; ಉತ್ತರ ತಿಳಿದುಕೊಂಡು ಫಾರಂ ಮಡಚಿ ಜೇಬಿಗಿಟ್ಟು ಹೋಗುತ್ತಿದ್ದ. ಮತ್ತೆ ಬರುತ್ತಿರಲಿಲ್ಲ. ಅದೇ ಊರಿಗೆ ನಾನು 1988ರಲ್ಲಿ ವರ್ಗವಾಗಿ ಬಂದಾಗ ಧಾರವಾಡ ಕಡೆಯ ಹಿರಿಯರೊಬ್ಬರು ಮನೆ ಮಾಲಕರ ಎದುರು, ‘ಇವರು ನಮ್ಮವರು, ಜವಾಬ್ದಾರಿ ನನ್ನದು’ ಎಂದು ಮರಾಠಿಯಲ್ಲಿ ಒಂದೇ ಒಂದು ವಾಕ್ಯ ಹೇಳಿದರು. ಆ ವಾಕ್ಯದ ಮೇಲೆ ನಾವು ನಾಲ್ಕು ವರ್ಷ ಆ ಮನೆಯಲ್ಲಿದ್ದೆವು.

ಈಗ ಕೆಲಸದ ವಿಷಯ. ಕೋಥರೂಡಿನ ನಮ್ಮ ಫ್ಲ್ಯಾಟು 1994ರದು. ಕಪ್ಪು ಕಡಪ ಕಲ್ಲಿನ ಒಲೆಕಟ್ಟೆ, ಅದರ ಹಿಂದಿನ ಗೋಡೆಗೆ ಗೇಣಗಲದ ಬಿಳಿ ಟೈಲ್ಸು. ಆ ಗೋಡೆಗೆ ಕಟ್ಟಡದವರು ಡಾಡೊ ಅನ್ನುತ್ತಾರೆ; ಈಗ ಅಂಗಡಿಗಳಲ್ಲಿ ಅದಕ್ಕೆ ಬ್ಯಾಕ್‌ಸ್ಪ್ಲ್ಯಾಶ್ ಎಂದು ಹೆಸರು. ಹೆಸರು ಏನೇ ಇರಲಿ, ಒಗ್ಗರಣೆ ಸಿಡಿಯುವುದು ಅಲ್ಲೇ. ಮೂವತ್ತು ವರ್ಷದ ಅರಿಷಿಣ ಸಂದುಗಳಲ್ಲಿ ಕೂತು ಬಿಳಿ ಎನ್ನುವುದು ಹೆಸರಿಗಷ್ಟೇ ಉಳಿದಿತ್ತು. ನಾಣ್ಯದಿಂದ ತಟ್ಟಿದರೆ ಅರ್ಧಕ್ಕರ್ಧ ಟೈಲ್ಸು ಪೊಳ್ಳು ಸದ್ದು ಕೊಡುತ್ತಿದ್ದವು. 2023ರ ಚಳಿಗಾಲದಲ್ಲಿ ಎರಡು ಕಳಚಿ ಬಿದ್ದವು. ಇನ್ನು ತಡ ಮಾಡುವುದು ಬೇಡವೆಂದು ನಮ್ಮ ಮನೆಯವರು ತೀರ್ಪು ಕೊಟ್ಟರು.

ಮೂರು ಜನರಿಂದ ಅಂದಾಜು ತರಿಸಿದೆ. ಟೈಲ್ಸ್ ಅಂಗಡಿಯವರು ಕಳಿಸಿದ ಇಲ್ಲಿಯವನೊಬ್ಬ, ರಾಜಸ್ಥಾನದ ಸಂಗಮರವರಿ ಕೆಲಸದವನೊಬ್ಬ, ಇನ್ನೊಬ್ಬ ವಿಜಯಪುರ ಜಿಲ್ಲೆಯಿಂದ ಬಂದು ಇಪ್ಪತ್ತು ವರ್ಷದಿಂದ ಇಲ್ಲಿ ಗುತ್ತಿಗೆ ಹಿಡಿಯುತ್ತಿದ್ದ ನಮ್ಮವನು. ಈ ಮೂರನೆಯವನ ದರ ನಡುವಿನದು. ಆದರೆ ಕೆಲಸ ಬಲ್ಲವನೆಂದು ಎರಡೇ ಮಾತಿನಲ್ಲಿ ಗೊತ್ತಾಯಿತು. ‘ಮೋರ್ಬಿ ವಿಟ್ರಿಫೈಡ್ ತರ್ತೀರಂದ್ರ ಬರೇ ಸಿಮೆಂಟ್ ನಡಿಯೂದಿಲ್ರಿ, ಅಂಟು ಬೇಕು’ ಎಂದ. ಸರಿಯಾದ ಮಾತು. ಹಳೆಯ ಮಾದರಿಯ ಗೋಡೆ ಟೈಲ್ಸು ನೀರು ಕುಡಿಯುತ್ತವೆ, ಅವನ್ನು ನೆನೆಹಾಕಿ ಸಿಮೆಂಟಿನಲ್ಲಿ ಕೂರಿಸಿದರೆ ಕಚ್ಚಿಕೊಳ್ಳುತ್ತವೆ. ವಿಟ್ರಿಫೈಡ್ ನೀರು ಹೀರುವುದು ಅರ್ಧ ಪರ್ಸೆಂಟಿಗೂ ಕಡಿಮೆ. ಬರೀ ಸಿಮೆಂಟಿನಲ್ಲಿ ಹಚ್ಚಿದರೆ ವರ್ಷೊಪ್ಪತ್ತಿನಲ್ಲಿ ಹಿಡಿತ ಬಿಡುತ್ತದೆ. ಒಲೆಯ ಹಿಂದೆ ಎಪಾಕ್ಸಿ ಗ್ರೌಟು ಹಾಕಿದರೆ ಅರಿಷಿಣದ ಕಲೆ ಕೂರುವುದಿಲ್ಲ ಎಂದೂ ಹೇಳಿದ. ಅವನಿಗೇ ಕೆಲಸ ಕೊಟ್ಟೆವು.

ಅಡಿಗೆ ಮನೆ ಮತ್ತು ಅದಕ್ಕೆ ಹೊಂದಿದ ಬಾಲ್ಕನಿ; ಟೈಲ್ಸು ನಮ್ಮದು, ಕೂಲಿ, ಅಂಟು, ಗ್ರೌಟು, ಒಡೆದ ರಾಡಾರೋಡಾ ಸಾಗಿಸುವುದು ಅವನದು. ಒಟ್ಟು 42,000 ರೂಪಾಯಿ. ಹತ್ತು ಪರ್ಸೆಂಟನ್ನು ಮೂವತ್ತು ದಿನ ಹಿಡಿದಿಡುವುದಾಗಿ ಒಂದು ಹಾಳೆಯ ಮೇಲೆ ಬರೆದೆ. ಶಾಖೆಯ ಕಟ್ಟಡ ರಿಪೇರಿಗೆ ನಾವು ಮಾಡುತ್ತಿದ್ದ ಪದ್ಧತಿ ಅದು. ಅವನು ನಕ್ಕ. ‘ಸಾಹೇಬ್ರ, ನಮ್ಮ ನಮ್ಮೊಳಗ ಕಾಗದ ಯಾಕ್ರಿ?’ ಅಂದ. ಅಂದರೂ ಸಹಿ ಮಾಡಿದ.

ಕೆಲಸಕ್ಕೆ ಬಂದವರು ಬೇರೆ. ಹಳೆಯದನ್ನು ಒಡೆಯಲು ಇಬ್ಬರು ಒಂದು ದಿನ ಬಂದು ಹೋದರು. ಆಮೇಲೆ ಆರು ದಿನ ಇಬ್ಬರೇ. ಟೈಲ್ಸ್ ಹಚ್ಚುವ ಗೌಂಡಿ ಬಿಹಾರದ ಪೂರ್ಣಿಯಾ ಕಡೆಯವನು, ಇಪ್ಪತ್ತೆಂಟು ಮೂವತ್ತರ ಹುಡುಗ. ಕೈಯಾಳಾಗಿ ಯಾದಗಿರಿ ಜಿಲ್ಲೆಯ ಹೆಣ್ಣುಮಗಳು, ಗುತ್ತಿಗೆದಾರನ ಹೆಂಡತಿಯ ತವರಿನ ಕಡೆಯವಳಂತೆ. ನಮ್ಮ ಮನೆಯವರಿಗೆ ಆಕೆಯ ಜೊತೆ ಮಾತಾಡಿ ಮುಗಿಯಲಿಲ್ಲ. ನಾನು ಗೌಂಡಿಯ ಕೆಲಸ ನೋಡುತ್ತ ಕೂರುತ್ತಿದ್ದೆ. ನಿವೃತ್ತನಿಗೆ ಬೇರೆ ಏನು ಕೆಲಸ? ಮೊದಲ ದಿನ ಅವನು ಒಂದೂ ಟೈಲ್ಸ್ ಹಚ್ಚಲಿಲ್ಲ. ನೀರು ತುಂಬಿದ ಕೊಳವೆಯಿಂದ ಮಟ್ಟ ತೆಗೆದು, ಗೋಡೆಯ ಮೇಲೆ ದಾರದಿಂದ ಗೆರೆ ಹೊಡೆದು, ಕತ್ತರಿಸಿದ ತುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ, ಅದು ಫ್ರಿಜ್ಜಿನ ಹಿಂದಿನ ಮೂಲೆಗೆ ಹೋಗುವಂತೆ ಮಾಡಿದ. ಕಣ್ಣಿಗೆ ಬೀಳುವ ಜಾಗದಲ್ಲಿ ಎಲ್ಲವೂ ಇಡೀ ಟೈಲ್ಸೇ. ಪ್ಲಗ್ಗಿನ ಚೌಕವನ್ನು ಅವನು ಕೊರೆದ ರೀತಿ ನೋಡಿ ನನಗೆ ಹಳೆಯ ಕಾಲದ ಲೆಡ್ಜರ್ ಗುಮಾಸ್ತರ ಅಂಕಿಗಳು ನೆನಪಾದವು. ಕೆಲಸ ಮುಗಿದ ಮೇಲೆ ಗೋಡೆಯುದ್ದಕ್ಕೂ ನಾಣ್ಯದಿಂದ ತಟ್ಟಿದೆ. ಒಂದೂ ಪೊಳ್ಳಿಲ್ಲ.

ಇಪ್ಪತ್ತು ದಿನದ ಮೇಲೆ ಅವನು ಒಬ್ಬನೇ ಬಾಗಿಲಿಗೆ ಬಂದ. ದಿನಕ್ಕೆ 900ರಂತೆ ಆರು ದಿನಕ್ಕೆ 5,400 ಆಗಬೇಕು. ನಡುವೆ ಖರ್ಚಿಗೆಂದು 1,500 ಸಿಕ್ಕಿದೆ. ಉಳಿದ 3,900 ಬಂದಿಲ್ಲ. ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ಊರಿಗೆ ಹೋಗುವ ರೈಲು ನಾಡಿದ್ದು. ‘ಸಾಹೇಬರು ಇನ್ನೂ ಪೂರ್ತಿ ದುಡ್ಡು ಕೊಟ್ಟಿಲ್ಲ ಅಂತಾನೆ, ಹೌದೇ?’ ಎಂದು ಹಿಂದಿಯಲ್ಲಿ ಕೇಳಿದ. ನಾನು ಕೊಡಬೇಕಾದ 37,800 ಕೊಟ್ಟಾಗಿತ್ತು. ಉಳಿದದ್ದು ಆ ಹತ್ತು ಪರ್ಸೆಂಟು, 4,200.

ಪ್ರಶ್ನೆ ಇರುವುದು ಇಲ್ಲಿ. ಒಪ್ಪಂದದ ಪ್ರಕಾರ ನನಗೂ ಆ ಹುಡುಗನಿಗೂ ಸಂಬಂಧವೇ ಇಲ್ಲ. ನಾನು ಗುತ್ತಿಗೆದಾರನಿಗೆ ಕೊಟ್ಟೆ, ಅವನು ಇವನಿಗೆ ಕೊಡಬೇಕು. ಚೆಕ್ಕು ಸರಿಯಾದ ಖಾತೆಗೆ ಜಮೆಯಾದ ಮೇಲೆ ಬ್ಯಾಂಕಿನ ಹೊಣೆ ಮುಗಿಯಿತು ಎನ್ನುತ್ತೇವಲ್ಲ, ಹಾಗೆ. ಆದರೆ ಇದೇ ಬ್ಯಾಂಕಿನಲ್ಲಿದ್ದಾಗ ನಾನು ಓದಿದ್ದ ಇನ್ನೊಂದು ಸಂಗತಿ ಇದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು, ಕೊಟ್ಟು ಗುತ್ತಿಗೆದಾರನ ಬಾಕಿಯಲ್ಲಿ ಕಳೆದುಕೊಳ್ಳಬಹುದು. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಆ ಕಾಯ್ದೆ ಹೋದರೂ ಈ ಅಂಶ ಹೊಸದರಲ್ಲೂ ಉಳಿದಿದೆ. ಕೇಂದ್ರದ ಆ ಕಾಯ್ದೆಗೆ ಕನಿಷ್ಠ 20 ಜನ ಕೆಲಸಗಾರರಿರಬೇಕಿತ್ತು. ನನ್ನ ಅಡಿಗೆ ಮನೆಯಲ್ಲಿ ಇದ್ದವರು ಇಬ್ಬರು. ಕಾನೂನು ನನ್ನ ಹೊಸ್ತಿಲಿನ ಆಚೆಯೇ ನಿಂತಿತು. ಆದರೆ ಇಪ್ಪತ್ತು ಜನರ ಕೂಲಿಯಲ್ಲಿ ನ್ಯಾಯವಾದದ್ದು ಇಬ್ಬರ ಕೂಲಿಯಲ್ಲಿ ಹೇಗೆ ನ್ಯಾಯವಲ್ಲದೆ ಹೋಗುತ್ತದೆ? ಆ ಸಂಖ್ಯೆ ಸರಕಾರದ ಇನ್‌ಸ್ಪೆಕ್ಟರುಗಳ ಅನುಕೂಲಕ್ಕೆ ಇಟ್ಟದ್ದು, ಧರ್ಮಸೂಕ್ಷ್ಮದಿಂದ ಹುಟ್ಟಿದ್ದಲ್ಲ.

ಗುತ್ತಿಗೆದಾರನನ್ನು ಕರೆಸಿದೆ. ನಾನು ಫೋನ್ ಮಾಡಿದರೆ ಎತ್ತಿದ. ಅವನದೂ ಒಂದು ಲೆಕ್ಕ ಇತ್ತು. ದೀಪಾವಳಿಗೆ ಮೊದಲು ಈ ಹುಡುಗನಿಗೆ ಮುಂಗಡ ಕೊಟ್ಟಿದ್ದನಂತೆ, ಅದನ್ನು ಮುರಿದುಕೊಂಡಿದ್ದಾನಂತೆ. ಇನ್ನೊಂದು ಕಡೆ ಬಿಲ್ಡರನೊಬ್ಬ ಇವನಿಗೇ ಲಕ್ಷಗಟ್ಟಲೆ ಕೊಡಬೇಕಂತೆ. ಎರಡೂ ನಿಜ ಇರಬಹುದು. ಕಟ್ಟಡದ ದಂಧೆಯಲ್ಲಿ ಬಾಕಿ ಮೇಲಿನಿಂದ ಕೆಳಗೆ ಇಳಿಯುತ್ತದೆ, ಕಟ್ಟಕಡೆಯವನ ಹತ್ತಿರ ಬಂದು ನಿಲ್ಲುತ್ತದೆ. ‘ಮುಂಗಡ ಬರೆದಿಟ್ಟ ಪುಸ್ತಕ ತೋರಿಸ್ರಿ’ ಅಂದೆ. ಪುಸ್ತಕ ಇರಲಿಲ್ಲ. ‘ಆ ಹೆಣ್ಣುಮಗಳ ಕೂಲಿ?’ ಅಂದೆ. ‘ಆಕೀದು ಅಂದಂದ ಕೊಟ್ಟೇನಲ್ರಿ. ನಾಳೆ ಊರಾಗ ಮಾರಿ ತೋರಸ್ಬೇಕಲ್ಲ?’

ಆ ಮಾತು ನನ್ನನ್ನು ಬಿಡಲಿಲ್ಲ. ಅವನು ಮೋಸಗಾರನಲ್ಲ. ನನಗೆ ಅಂಟಿನಲ್ಲಿ ಮೋಸ ಮಾಡಲಿಲ್ಲ, ಆಕೆಗೆ ಕೂಲಿಯಲ್ಲಿ ಮೋಸ ಮಾಡಲಿಲ್ಲ. ಮುಖ ತೋರಿಸಬೇಕಾದವರ ಮಟ್ಟಿಗೆ ಅವನು ಶುದ್ಧ. ಅಂದರೆ ‘ನಮ್ಮವರು’ ಎಂಬ ಜಾಮೀನು ನಿಜಕ್ಕೂ ಕೆಲಸ ಮಾಡಿತ್ತು, ಚೆನ್ನಾಗಿಯೇ ಮಾಡಿತ್ತು. ಆದರೆ ಕೈಯಲ್ಲಿ ದುಡ್ಡು ಕಡಿಮೆ ಬಿದ್ದಾಗ ಯಾರದ್ದನ್ನು ತಡೆಯಬೇಕು ಎಂಬುದನ್ನೂ ಅದೇ ಜಾಮೀನು ತೀರ್ಮಾನಿಸಿತು. ಪೂರ್ಣಿಯಾದ ಹುಡುಗನ ಪರವಾಗಿ ‘ಜವಾಬ್ದಾರಿ ನನ್ನದು’ ಎನ್ನಲು ಈ ಊರಿನಲ್ಲಿ ಯಾರೂ ಇರಲಿಲ್ಲ. ಪುಣೆಯ ಹಳೆಯ ಮನೆಗಳ ನೆಲದಲ್ಲಿ ನಮ್ಮ ಕಲಬುರಗಿ ಕಡೆಯ ಶಹಾಬಾದಿ ಫರಸಿ ಇಂದಿಗೂ ಇದೆ. ಕಲ್ಲಿಗೆ ಪರಿಚಯದ ಸಹಿ ಯಾರೂ ಕೇಳಲಿಲ್ಲ. ಮನುಷ್ಯನಿಗೆ ಮಾತ್ರ ಅದು ಬೇಕು.

ಹಿಡಿದಿಟ್ಟ 4,200ರಲ್ಲಿ 3,900ನ್ನು ಗುತ್ತಿಗೆದಾರನ ಎದುರಿಗೇ ಆ ಹುಡುಗನ ಫೋನಿಗೆ ಹಾಕಿದೆ. ಉಳಿದ 300 ಇವನಿಗೆ ಕೊಟ್ಟು ಲೆಕ್ಕದ ಚೀಟಿ ಕನ್ನಡದಲ್ಲೇ ಬರೆದುಕೊಟ್ಟೆ. ಮುಂಗಡದ ವ್ಯವಹಾರ ಇದ್ದದ್ದೇ ಆದರೆ ಅದನ್ನು ಬೇರೆಯಾಗಿ ಬಗೆಹರಿಸಿಕೊಳ್ಳಿರೆಂದು ಇಬ್ಬರಿಗೂ ಹೇಳಿದೆ. ‘ನಮ್ಮ ಭಾಷಾದವ್ರಾಗಿ ಒಬ್ಬ ಭೈಯ್ಯಾನ ಮುಂದ ನನ್ನ ಮರ್ಯಾದಿ ತಗದ್ರಿ’ ಎಂದು ಅವನು ಚಹಾ ಮುಟ್ಟದೆ ಎದ್ದು ಹೋದ.

ಇದರ ಬಗ್ಗೆ ನನ್ನನ್ನು ತರಾಟೆಗೆ ತೆಗೆದುಕೊಂಡವರು ಇಬ್ಬರು. ಪಕ್ಕದ ಮನೆಯ ಮರಾಠಿ ಗೃಹಸ್ಥರು, ಹೀಗೆ ಎಲ್ಲರೂ ನಡುವೆ ಕೈಹಾಕಿದರೆ ಯಾವ ಗುತ್ತಿಗೆದಾರನೂ ಕೆಲಸ ಹಿಡಿಯುವುದಿಲ್ಲ ಎಂದರು. ಅದು ವ್ಯವಹಾರದ ಮಾತು, ಅದರಲ್ಲಿ ಹುರುಳಿದೆ. ಆದರೆ ನಾನು ಹೊಸದಾಗಿ ಏನನ್ನೂ ತಡೆಯಲಿಲ್ಲ. ಕೆಲಸ ಸರಿಯಿದ್ದರೆ ಕೊಡಬೇಕೆಂದೇ ಇಟ್ಟ ದುಡ್ಡು ಅದು. ಕೆಲಸ ಸರಿಯಿತ್ತು, ಸರಿ ಮಾಡಿದವನು ಯಾರೆಂದು ಆರು ದಿನ ಕೂತು ನೋಡಿದವನು ನಾನೇ. ಇನ್ನೊಬ್ಬರು ನಮ್ಮ ಕನ್ನಡದ ಗೆಳೆಯರು. ಅವರ ಆಕ್ಷೇಪ ಹೆಚ್ಚು ಕಠಿಣ. ಮುಂಗಡದ ಮಾತು ನಿಜವೋ ಸುಳ್ಳೋ ನಿನಗೆ ಗೊತ್ತಿಲ್ಲ, ಗೊತ್ತಿಲ್ಲದಾಗ ನಮ್ಮವನನ್ನು ನಂಬಬೇಕಿತ್ತು ಎಂದರು. ಗೊತ್ತಿಲ್ಲ ಎಂಬುದು ಸರಿ. ಆದರೆ ಗೊತ್ತಿಲ್ಲದಾಗ ಯಾರನ್ನು ನಂಬಬೇಕು? ಪುಸ್ತಕ ಇಡುವ ಶಕ್ತಿ ಇದ್ದೂ ಇಡದವನನ್ನೋ, ಪುಸ್ತಕ ಕೇಳುವ ಧೈರ್ಯವೇ ಇಲ್ಲದವನನ್ನೋ? 1988ರಲ್ಲಿ ಆ ಮನೆ ಮಾಲಕರಿಗೂ ನಮ್ಮ ಬಗ್ಗೆ ಏನೂ ಗೊತ್ತಿರಲಿಲ್ಲ ಎಂದೆ. ‘ಅದು ಬ್ಯಾರೆ’ ಅಂದರು. ಹೇಗೆ ಬೇರೆ ಎಂದು ನಾನು ಕೇಳಿದ ಮೇಲೆ ಮಾತು ದೋಸೆಯ ಕಡೆ ತಿರುಗಿತು.

ಈಗ ಬಚ್ಚಲು ಮನೆಯ ಟೈಲ್ಸು ಬಿರುಕು ಬಿಟ್ಟಿವೆ, ಮಳೆಗಾಲದೊಳಗೆ ಆಗಬೇಕು. ಹೋದ ವಾರ ಯಾದಗಿರಿಯ ಆ ಹೆಣ್ಣುಮಗಳು ನಮ್ಮ ಮನೆಯವರಿಗೆ ಫೋನ್ ಮಾಡಿ, ‘ಅಣ್ಣ ಬರ್ತಾನಂತ್ರೀ ಅಮ್ಮಾರ, ಆದ್ರ ಸಾಹೇಬ್ರು ಹತ್ತು ಪರ್ಸೆಂಟ್ ಹಿಡೀಬಾರ್ದಂತ್ರಿ’ ಎಂದಳಂತೆ. ಹಿಡಿಯುತ್ತೇನೆ, ಆಳುಗಳ ಹಾಜರಿ ಮತ್ತು ಮುಂಗಡ ಬರೆಯುವ ಪುಸ್ತಕವೂ ಬಚ್ಚಲ ಬಾಗಿಲಲ್ಲೇ ತೂಗುಹಾಕಿರುತ್ತದೆ, ಒಪ್ಪಿಗೆ ಇದ್ದರೆ ಬರಲಿ ಎಂದು ಹೇಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.